ಜರ್ಮನ್ ಡಬರಿ

ಕಬ್ಬು ಕಡಿಯುವ ಸುಗ್ಗಿ, ಸಂಜೆ ದನ ಮರಳುವ ಹೊತ್ತು. ಕೊಣ್ಣೂರಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯ ಲಕ್ಷ್ಮಣ ಪ್ರೊಫೆಸರ್ ತನ್ನ ಕಟ್ಟೆಯ ಮೇಲೆ ನನ್ನನ್ನು ಕರೆದು ಕೂರಿಸಿಕೊಂಡ.

"ಕಾಶೆವ್ವಾಯಿ, ನನ್ನ ಪುಸ್ತಕ ಅಚ್ಚಾತು. ಜರ್ಮನ್ ಸಾಹಿತ್ಯದಾಗ ಮೈಗೆ ಬೀಳೋ ಪೆಟ್ಟಿನ ಮ್ಯಾಲೆ. ಮಂಗಳವಾರ ಗೋಕಾಕದಾಗ ಬಿಡುಗಡಿ."

ನಾನು ಕಂಡ ಜರ್ಮನ್ ಒಂದೇ. ಅಡಿಗೆಮನೆಯ ಹಗುರ ಬಿಳಿ ಪಾತ್ರೆ, ಡಬರಿ. ಅಲ್ಯೂಮಿನಿಯಮ್ಮಿಗೆ ನಮ್ಮ ಕಡೆ ಹಾಗೇ ಅನ್ನುವುದು.

"ಹೌದಪಾ, ಜರ್ಮನ್ ಭಾಳ ಮೆತ್ತಗ. ಸಣ್ಣ ಪೆಟ್ಟಿಗೂ ನೆಗ್ಗತೈತಿ," ಎಂದೆ.

ಅವನು ಹೊಟ್ಟೆ ಹಿಡಿದು ನಕ್ಕ. "ಡಬರಿ ಅಲ್ಲ ಆಯಿ, ದೇಶ! ಅಲ್ಲಿ ಬರಿಯೋರು ಏನಂತಾರ ಗೊತ್ತೇನು? ಮೈ ಬ್ಯಾರೆ, ಮನಸ ಬ್ಯಾರೆ ಅಲ್ಲ. ಮೈಗೆ ಹೊಡದ್ರ ಮನಸಿಗೂ ಬೀಳತೈತಿ. ಇದನ್ನ ತಿಳ್ಕೊಳ್ಳಾಕ ನನ್ನ ಅರ್ಧ ಆಯುಷ್ಯ ಹೋತು."

ಅವನ ಹೆಂಡತಿ ಕಸ್ತೂರಿ ಚಹಾ ತಂದಳು, ಎಡಗೈಯಲ್ಲಿ.

"ಹಿರೇರಿಗೆ ಎಡಗೈಲೆ ಕೊಡ್ತಾರೇನ? ಬುದ್ಧಿ ಎಲ್ಲಿಟ್ಟೀದಿ?" ಪ್ರೊಫೆಸರ್ ಗದರಿದ.

ಅವಳ ಬಲಗೈ ಮಣಿಕಟ್ಟು ಬಾತಿತ್ತು.

"ಏನಾತವ್ವಾ?"

"ಬಾಗಲಾ ಬಡೀತ್ರಿ, ಆಯಿ."

ಆ ಮನೆಯ ಬಾಗಿಲು ವಾರಕ್ಕೊಮ್ಮೆಯಾದರೂ ಅವಳನ್ನು ಬಡಿಯುತ್ತಿತ್ತು. ಲಕ್ಷ್ಮಣನಿಗೆ ಒಮ್ಮೆಯೂ ಬಡಿದದ್ದಿಲ್ಲ. ಓದಿದವರ ಮನೆಯ ಬಾಗಿಲು, ಮನುಷ್ಯರ ಗುರುತು ಹಿಡಿಯುತ್ತದೆ.

"ಪುಸ್ತಕಾ ಈಕಿಗೇ ಅರ್ಪಣೆ ಮಾಡೇನಿ," ಎಂದ. "ಮುಂದಿನ ಕುರ್ಚ್ಯಾಗ ಕುಂದ್ರತಾಳ. ಅದಕ್ಕಂತ ಉದ್ದನ ತೋಳಿನ ಜಂಪರ್ ಹೊಲಿಸೇನಿ."

ಅಷ್ಟು ಪ್ರೀತಿ.

ಬಿಟ್ಟು ಹೋಗಲೋ ಬೇಡವೋ ಎಂದು ಕಸ್ತೂರಿ ನನ್ನ ಮುಂದೆ ಅತ್ತದ್ದುಂಟು. ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿನ ಅವಳ ತವರಿನವರು, ಓದಿದ ಗಂಡ, ತಾಳಿಕೊ ಎಂದಿದ್ದರು. ಓದದವನು ಹೊಡೆದರೆ ಮಾತ್ರ ನೋಯುತ್ತದೆಂದು ಅವರ ತಿಳಿವಳಿಕೆ.

ಸೋಮವಾರ ಮುಂಜಾನೆ ಅವಳು ಹಾಲಿನ ಡಬರಿ ಹಿಡಿದು ಬಂದಳು. ಭಾಷಣ ಬರೆಯುವಾಗ ಪಾತ್ರೆ ಸಪ್ಪಳ ಮಾಡಿದಳೆಂದು ಬೀಸಿ ಒಗೆದಿದ್ದನಂತೆ. ಅದು ಅವಳ ಹಣೆ ಮುಟ್ಟಿ ಗೋಡೆಗೆ ಹೋಗಿತ್ತು.

"ಇದರ ನೆಗ್ಗು ತಗೀರಿ, ಆಯಿ."

ಒನಕೆಯ ತುದಿಗೆ ಕವುಚಿ ಗುಂಡುಕಲ್ಲಿನಿಂದ ಮೆಲ್ಲಗೆ ತಟ್ಟಿದೆ. ನೆಗ್ಗು ಹೋಯಿತು. ನೆಲದ ಮೇಲಿಟ್ಟರೆ ಡಬರಿ ಓಲಾಡಿತು. ಕಸ್ತೂರಿ ಬೆರಳಿನಿಂದ ಒತ್ತಿ ಹಿಡಿದು ಬಿಟ್ಟಳು. ಮತ್ತೆ ಓಲಾಡಿತು.

"ನೆಟ್ಟಗ ನಿಂದ್ರವಲ್ದಲ್ರಿ."

"ಇನ್ನ ನಿಂದ್ರೂದಿಲ್ಲವ್ವಾ."

ಹಣೆಯ ಬಾವು ಮುಟ್ಟಿಕೊಂಡು ನಕ್ಕಳು. "ಅವ್ರ ಪುಸ್ತಕದಾಗಿಂದು ಖರೆ ಐತ್ರಿ. ನಾ ಓದಲಾರದ ತಿಳ್ಕೊಂಡೆ."

"ದಡ್ಡ್ಯಾಗ ತವರಮಂದಿ ಏನಂದಾರು?"

"ಇಷ್ಟ ದಿನಾ ಬಾಗಲದ ಮ್ಯಾಲೆ ಹಾಕಿದ್ದೆ. ಈ ಸಲ ಹಣಿ ತೋರಸ್ತೇನ್ರಿ."

ಗೋಕಾಕದಲ್ಲಿ ಚಪ್ಪಾಳೆ ಬಹಳ ಬಿದ್ದವಂತೆ. ಮುಂದಿನ ಕುರ್ಚಿ ಯಾಕೆ ಖಾಲಿ ಎಂದು ಯಾರೋ ಕೇಳಿದರೆ, ಆಕೆಗೆ ಮೈಯಾಗ ಆರಾಮಿಲ್ಲ ಎಂದನಂತೆ ಪ್ರೊಫೆಸರ್. ಮನಸ್ಸಿನ ಮಾತು ಎತ್ತಲಿಲ್ಲ.

ಮಂಗಳವಾರ ಹೆಣ್ಣುಮಗಳನ್ನು ಮನೆಯಿಂದ ಕಳಿಸಬಾರದೆನ್ನುತ್ತಾರೆ. ಯಾರೂ ಕಳಿಸಲಿಲ್ಲ. ಕಸ್ತೂರಿ ತಾನಾಗಿಯೇ ಹುಕ್ಕೇರಿ ಬಸ್ಸು ಹತ್ತಿ ಹೋದಳು, ಮಂಗಳವಾರ.