ಕದೀಜಮ್ಮ ದಲ್ಲಾಳಿ ಬದಲಿಸಿದ್ದು

ಹಸನಬ್ಬನ ಒಣಮೀನಿನ ಅಂಗಡಿ ಇದ್ದದ್ದು ಸುಳ್ಯದ ಪೇಟೆಯಲ್ಲಿ, ಹೆಂಡತಿ ಕದೀಜಮ್ಮ ಇದ್ದದ್ದು ಪುತ್ತೂರಿನ ಮನೆಯಲ್ಲಿ. ಗುರುವಾರ ಸಂಜೆಯ ಬಸ್ಸಿಗೆ ಬಂದವನು ಶುಕ್ರವಾರದ ನಮಾಜು ಮುಗಿಸಿ, ಶನಿವಾರ ಬೆಳಿಗ್ಗೆ ಚಹಾ ಆರುವ ಮೊದಲೇ ಮತ್ತೆ ಬಸ್ಸು ಹತ್ತುತ್ತಿದ್ದ. ಮದುವೆಯಾದಾಗಿನಿಂದ ಇದೇ ಕ್ರಮ. ಐವತ್ತೇಳನೆಯ ಇಸವಿಯ ಒಂದು ಶನಿವಾರ ಕದೀಜಮ್ಮ ಬಾಗಿಲಿಗೆ ಅಡ್ಡ ನಿಂತು ಹೇಳಿದಳು: "ನಾನು ಮದುವೆ ಆದದ್ದು ಶುಕ್ರವಾರವನ್ನು ಅಲ್ಲ, ನಿಮ್ಮನ್ನು. ಈ ಮನೆ ಮಾರುವ. ಸುಳ್ಯದಲ್ಲೇ ಒಂದು ಮನೆ ಮಾಡುವ."

ಹಸನಬ್ಬನಿಗೂ ಅದೇ ಬೇಕಿತ್ತು, ಹೇಳಲು ಧೈರ್ಯವಿರಲಿಲ್ಲ ಅಷ್ಟೆ. ಮಾರಾಟದ ಕೆಲಸವನ್ನು ಪೋಕರಾಕನಿಗೆ ಒಪ್ಪಿಸಿದ.

ಪೋಕರಾಕ ಹಸನಬ್ಬನ ತಂದೆಯ ಗೆಳೆಯ, ಪುತ್ತೂರಿನಲ್ಲಿ ಮನೆ, ಜಾಗದ ದಲ್ಲಾಳಿ. ಬಿಳಿ ಗಡ್ಡ, ತಲೆಗೆ ಕಟ್ಟಿದ ಮುಂಡಾಸು, ಕಂಕುಳಲ್ಲಿ ಕೊಡೆ. ಒಳ್ಳೆಯ ಮನುಷ್ಯ. ಆದರೆ ಬಾಯಿ ತೆರೆದರೆ ಕಡಲು ಪುತ್ತೂರಿಗೇ ಬಂದುಬಿಡುತ್ತಿತ್ತು.

ಮನೆ ನೋಡಲು ಬಂದ ಮೊದಲ ಗಿರಾಕಿಗೆ, "ಜಗಲಿಯಲ್ಲಿ ಕೂತುಕೊಳ್ಳಿ, ಮಂಗಳೂರಿನ ಕಡಲಗಾಳಿ ನೇರ ಮುಖಕ್ಕೆ ಬರ್ತದೆ" ಎಂದ. ಗಿರಾಕಿ ಬಹಳ ಹೊತ್ತು ಕೂತ. ಬಂದದ್ದು ನೆರೆಮನೆಯ ಕೊಟ್ಟಿಗೆಯ ಗಾಳಿ. ಎರಡನೆಯವನಿಗೆ, "ಬಾವಿಯ ನೀರು ಕೈಯಲ್ಲಿ ಮೊಗೆಯಬಹುದು" ಎಂದ. ಅದು ಏಪ್ರಿಲ್ ತಿಂಗಳು. ಆ ಮನುಷ್ಯ ಬಗ್ಗಿ ನೋಡಿ, ಬಿಟ್ಟ ಕೊಡಪಾನ ಕಲ್ಲಿಗೆ ತಾಗಿದ ಸದ್ದು ಕೇಳಿ, ಬಂದ ದಾರಿ ಹಿಡಿದ.

ಮೂರನೆಯವರು ಮರದ ವ್ಯಾಪಾರಿ ಒಬ್ಬರು. ಹೆಂಡತಿಯನ್ನೂ ಕರೆತಂದಿದ್ದರು. "ಈ ಹಿತ್ತಿಲಲ್ಲಿ ಒಂದು ಹುಳ ಕಂಡವರಿಲ್ಲ, ನಾನು ಹೇಳುದು ಕೇಳಿ" ಎಂದು ಪೋಕರಾಕ ಕೊಡೆ ಎತ್ತಿ ತೋರಿಸಿದ. ಅದೇ ಹೊತ್ತಿಗೆ ಕಟ್ಟಿಗೆ ರಾಶಿಯಿಂದ ಒಂದು ಉದ್ದನೆಯ ಕೇರೆ ಹಾವು ಹೊರಟು, ಯಾವ ಅವಸರವೂ ಇಲ್ಲದೆ ಎಲ್ಲರ ಮುಂದೆಯೇ ಅಂಗಳ ದಾಟಿತು. ವ್ಯಾಪಾರಿಯ ಹೆಂಡತಿ ಗೇಟು ತೆರೆಯುವಷ್ಟೂ ತಾಳಲಿಲ್ಲ. ಬೇಲಿಯ ಕಂಡಿಯಲ್ಲೇ ನುಗ್ಗಿದರು. ಬಾಗಿಲ ಪರದೆಯ ಹಿಂದೆ ನಿಂತಿದ್ದ ಕದೀಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಅಳು ಬಂತು.

ಇಷ್ಟರಲ್ಲಿ ಪುತ್ತೂರು ಪೇಟೆಯಲ್ಲಿ ಹೊಸ ಮಾತು ಹುಟ್ಟಿತ್ತು: "ಅಷ್ಟು ಚಂದದ ಮನೆ ಆದರೆ ಮಾರುದು ಯಾಕೆ? ಎಂತದೋ ಉಂಟು ಅದರಲ್ಲಿ."

"ಪೋಕರಾಕನನ್ನು ಬಿಡಿಸಿ" ಎಂದಳು ಕದೀಜಮ್ಮ, ಗಂಡ ಬಂದಾಗ.

ಹಸನಬ್ಬ ಶುಕ್ರವಾರ ಮಧ್ಯಾಹ್ನ ಅದನ್ನೇ ಹೇಳಲು ಪೋಕರಾಕನ ಮನೆಗೆ ಹೋದ. ಸಂಜೆ ಹೊಟ್ಟೆ ಸವರಿಕೊಳ್ಳುತ್ತಾ ಬಂದ.

"ಹೇಳಿದಿರಾ?"

"ಎಂತ ಹೇಳುದು ಮಾರಾಯ್ತಿ, ಕೋಳಿಸಾರು, ಅಕ್ಕಿರೊಟ್ಟಿ ಮಾಡಿದ್ರು. ಉಂಡ ಬಾಯಲ್ಲಿ ಹೇಗೆ ಹೇಳುದು? ಮಳೆಗಾಲ ಕಳೆಯುವವರೆಗೆ ನೀವೇ ನೋಡಿ ಅಂತ ಹೇಳಿ ಬಂದೆ."

ಮರುದಿನ ಬಸ್ಸು ಗಂಡನನ್ನು ಹೊತ್ತು ಹೋದ ಮೇಲೆ ಕದೀಜಮ್ಮ ತಾನೇ ಹೊರಟಳು. ಪೋಕರಾಕನ ಹೆಂಡತಿ ಪಾತು ಚಾಪೆ ಹಾಕಿ ಕೂರಿಸಿದಳು. ಕದೀಜಮ್ಮ ಏನನ್ನೂ ಬಾಯಿಗೆ ಹಾಕಲಿಲ್ಲ, ಮೊದಲು ವಿಷಯ ಹೇಳಿದಳು. "ಪೋಕರಾಕ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಆದರೆ ನೀವು ಮಾರುವ ಮನೆಯೇ ಬೇರೆ, ನಾನು ಇರುವ ಮನೆಯೇ ಬೇರೆ. ಇನ್ನು ಬೇರೆ ಯಾರಿಗಾದರೂ ಹೇಳ್ತೇನೆ."

ಪೋಕರಾಕನ ಮುಖ ಸಣ್ಣದಾಯಿತು. "ಮೋಳೆ," ಎಂದ, ಮಗಳನ್ನು ಕರೆಯುವ ಹಾಗೆ, "ಹೊಗಳದಿದ್ದರೆ ಯಾರು ಮನೆ ತಗೊಳ್ತಾರೆ?"

"ನೀವು ಹೊಗಳಿದ್ದಕ್ಕೆ ತಗೊಂಡವರು ಯಾರು?" ಎಂದು ಒಳಗಿನಿಂದ ಪಾತುವೇ ಕೇಳಿದಳು.

ಪೋಕರಾಕ ಕೊಡೆ ತೆಗೆದುಕೊಂಡು, ಮಳೆಯೂ ಬಿಸಿಲೂ ಇಲ್ಲದ ಹೊತ್ತಿನಲ್ಲಿ ಅದನ್ನು ಬಿಡಿಸಿ ಹೊರಗೆ ನಡೆದುಬಿಟ್ಟ. ಅವನು ತಿರುವು ದಾಟುವವರೆಗೆ ಕದೀಜಮ್ಮ ನೋಡುತ್ತಲೇ ಇದ್ದಳು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಹೊಸ ದಲ್ಲಾಳಿ ಅಜ್ಜಾವರದ ದುಗ್ಗಪ್ಪ ಗೌಡರು. ಅವರದು ಎತ್ತಿನ ದಲ್ಲಾಳಿ ಕೆಲಸ. ಮನೆ ಮಾರಿಸಿದ್ದು ಎರಡೋ ಮೂರೋ. ಮಾತು ಕಡಿಮೆ. ಇಡೀ ಮನೆ ಸುತ್ತಿ, ಗೋಡೆಗಳನ್ನು ಎತ್ತಿನ ಬೆನ್ನು ತಟ್ಟಿದ ಹಾಗೆ ತಟ್ಟಿ, ಜಗಲಿಯಲ್ಲಿ ಕೂತು ಕೇಳಿದರು: "ಈ ಮನೆಯ ದೋಷ ಎಂತೆಂತ ಉಂಟು, ಹೇಳಿ."

ಕದೀಜಮ್ಮನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ತೌರಿನವರ ಮುಂದೆ ಅತ್ತೆಯ ವಿಷಯ ಹೇಳಿದಷ್ಟು ಸಲೀಸಾಗಿ ಬಂತು. ಬಾವಿ ಬೇಸಿಗೆಯ ಕೊನೆಗೆ ತಳ ಕಾಣುತ್ತದೆ. ಗಾಳಿ ತಿರುಗಿದರೆ ಅಡಿಗೆಕೋಣೆಯ ಹೊಗೆ ಒಳಗೇ ಸುತ್ತುತ್ತದೆ. ಚಾವಡಿಯ ಮೂಲೆ ಸೋರುತ್ತದೆ. ಹಾವು ಉಂಟು, ಆದರೆ ಅದು ಕೇರೆ, ಇಲಿಗಳನ್ನು ಬಿಟ್ಟು ಯಾರ ಗೋಜಿಗೂ ಹೋಗುವುದಿಲ್ಲ.

"ಸಾಕು. ಎತ್ತಿನ ಮೈಯ ಕೆಟ್ಟ ಸುಳಿಯನ್ನು ಕೊಳ್ಳುವವನು ಹುಡುಕುವ ಮೊದಲೇ ನಾವು ತೋರಿಸ್ಬೇಕು. ಮತ್ತೆ ಅವನು ಎತ್ತನ್ನು ನೋಡ್ತಾನೆ" ಎಂದರು ಗೌಡರು.

ಮಳೆ ಹಿಡಿಯುವ ಮುನ್ನ ಅವರು ಕರೆತಂದದ್ದು ಐವರ್ನಾಡಿನ ಕಡೆಯ ಶೀಲಾವತಿಯನ್ನು. ಪುತ್ತೂರಿನಲ್ಲಿ ಹೆರಿಗೆ ನರ್ಸು. ಗಂಡ ಕೃಷ್ಣಮೋಹನ ಡ್ರಾಯಿಂಗ್ ಮಾಸ್ತರು. ಮಾಸ್ತರು ಬಂದವರೇ ಮನೆ ನೋಡುವುದು ಬಿಟ್ಟು ಅಂಗಳದ ಹಲಸಿನ ಮರ ನೋಡುತ್ತಾ ನಿಂತರು. ಗೌಡರು ಬಾವಿಯಿಂದ ಶುರು ಮಾಡಿ ದೋಷಗಳನ್ನು ಒಂದೊಂದಾಗಿ ತೋರಿಸತೊಡಗಿದರು.

"ಬಾವಿ ಬತ್ತಿದರೆ ಎಂತ ಮಾಡುದು?" ಎಂದರು ಶೀಲಾವತಿ.

ಕದೀಜಮ್ಮ ಪರದೆ ಸರಿಸಿ ಹೊರಗೇ ಬಂದಳು. "ನೆರೆಮನೆ ಬಾವಿ ಉಂಟಲ್ಲ ಅಮ್ಮ. ಅವರು ನೀರು ಕೊಡ್ತಾರೆ, ನಾವು ಹಲಸಿನಕಾಯಿ ಕೊಡುದು. ಇಷ್ಟು ವರ್ಷದಲ್ಲಿ ಒಂದು ದಿನ ಮಾತು ಬಂದದ್ದಿಲ್ಲ."

"ಅಡಿಗೆಕೋಣೆಯಲ್ಲಿ ಹೊಗೆ ಸುತ್ತುತ್ತದೆ" ಎಂದರು ಗೌಡರು.

"ಯಾರು ಹೇಳಿದ್ದು ಹೊಗೆ!"

ಎಲ್ಲರೂ ತಿರುಗಿದರು. ಬೇಲಿಯ ಆಚೆ ಪೋಕರಾಕ. ದಾರಿಯಲ್ಲಿ ಹೋಗುತ್ತಿದ್ದವನಿಗೆ ತಡೆಯಲಾಗಲಿಲ್ಲ. ಗೇಟು ತಳ್ಳಿ ಒಳಗೆ ಬಂದ. "ನೀವು ಮಾರ್ಲಿಕ್ಕೆ ಬಂದದ್ದೋ ಕೆಡಿಸ್ಲಿಕ್ಕೆ ಬಂದದ್ದೋ, ಗೌಡ್ರೆ?"

ಶೀಲಾವತಿ ಅವನನ್ನೇ ನೋಡಿ ಶಾಂತವಾಗಿ ಕೇಳಿದರು: "ನಿಮಗೆ ಈ ಮನೆ ಗೊತ್ತುಂಟಾ? ಹಾಗಾದರೆ ಹೇಳಿ, ಸೋರ್ತದಾ?"

ಪೋಕರಾಕ ಬಾಯಿ ತೆರೆದ. ಕದೀಜಮ್ಮನ ಮುಖ ನೋಡಿದ. ಬಾಯಿ ಮುಚ್ಚಿದ. ಬಹಳ ಕಷ್ಟಪಟ್ಟು, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವನಂತೆ, "ಸ್ವಲ್ಪ" ಎಂದ.

ಮೊದಲು ನಕ್ಕವರು ದುಗ್ಗಪ್ಪ ಗೌಡರು. ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ, ಪೋಕರಾಕನೂ ಗಡ್ಡದೊಳಗೆ ನಕ್ಕ. ನಗು ಇಳಿದ ಮೇಲೆ ಅವನು ದನಿ ತಗ್ಗಿಸಿ ಹೇಳಿದ: "ಒಂದು ವರ್ಷ ದೊಡ್ಡ ಗಾಳಿ ಬಂದಿತ್ತಮ್ಮ. ನಮ್ಮ ಕೇರಿಯ ಮುಳಿಹುಲ್ಲಿನ ಮಾಡುಗಳೆಲ್ಲ ಹಾರಿಹೋದವು. ನನ್ನದೂ ಹೋಯ್ತು. ಹಸನಬ್ಬನ ತಂದೆ ಬಾಗಿಲು ತೆರೆದು ಕೂತ್ರು. ಬ್ಯಾರಿಗಳು, ಪೂಜಾರಿಗಳು, ಮಡಿವಾಳರ ಮುದುಕಿ, ಎಲ್ಲರೂ ಇದೇ ಚಾವಡಿಯಲ್ಲಿ ಇದ್ದದ್ದು. ಮೂಲೆ ಸೋರ್ತಾ ಇತ್ತು. ಮೂಲೆ ಬಿಟ್ಟು ಕೂತೆವು."

ಅದರಲ್ಲಿ ಒಂದು ಅಕ್ಷರವೂ ಹೆಚ್ಚಿರಲಿಲ್ಲ. ಶೀಲಾವತಿ ಒಳಗೆ ಹೋಗಿ ಚಾವಡಿಯ ನಡುವೆ ನಿಂತು ಒಂದು ಸುತ್ತು ನೋಡಿದರು. ಹೊರಗೆ ಬಂದು ಗಂಡನನ್ನು ಕರೆದರು: "ಮರ ನೋಡಿ ಆಯ್ತಾ? ನನಗೆ ಮನೆ ಆಯ್ತು."

ಮನೆ ಮಾರಾಟವಾಗಿ, ದಲ್ಲಾಳಿಯ ಹಣ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಬಂದಾಗ ಇಬ್ಬರೂ "ಅವರಿಗೆ" ಎಂದು ಒಬ್ಬರನ್ನೊಬ್ಬರು ತೋರಿಸಿದರು. ಕದೀಜಮ್ಮ ಜಗಳಕ್ಕೆ ಎಡೆಕೊಡದೆ ಇಬ್ಬರಿಗೂ ಸಮವಾಗಿ ಕೊಡಿಸಿದಳು. ಗೌಡರೂ ಪೋಕರಾಕನೂ ಆಮೇಲೆ ಒಟ್ಟಿಗೇ ವ್ಯಾಪಾರಕ್ಕೆ ಹೋಗತೊಡಗಿದರು; ಒಬ್ಬರು ಬೈಯುವುದು, ಇನ್ನೊಬ್ಬರು ಹೊಗಳುವುದು, ನಡುವೆ ಗಿರಾಕಿಗೆ ಮನೆ ಸರಿಯಾಗಿ ಕಾಣುತ್ತಿತ್ತಂತೆ.

ಸುಳ್ಯದ ಹೊಸ ಮನೆಯಿಂದ ಅಂಗಡಿಗೆ ಕೂಗಿದರೆ ಕೇಳುವಷ್ಟು ದೂರ. ಮೊದಲ ಮಂಗಳವಾರ ಮಧ್ಯಾಹ್ನ ಹಸನಬ್ಬ ಅಂಗಡಿಗೆ ಹಲಗೆ ಹಾಕಿ ಊಟಕ್ಕೆ ಬಂದು, ಬಡಿಸಿದ ಬಟ್ಟಲ ಮುಂದೆ ನೆಂಟನ ಹಾಗೆ ಮುದುರಿ ಕೂತ.

"ಎಂತ ಆಯ್ತು?" ಎಂದಳು ಕದೀಜಮ್ಮ.

"ಇವತ್ತು ಮಂಗಳವಾರ ಅಲ್ವಾ" ಎಂದ.

"ಮಂಗಳವಾರವೂ ಹಸಿವು ಆಗ್ತದೆ, ಉಣ್ಣಿ" ಎಂದು ಅವಳು ಇನ್ನೊಂದು ಸೌಟು ಸಾರು ಹಾಕಿ, ತನ್ನ ಬಟ್ಟಲನ್ನೂ ಅಲ್ಲೇ ಎಳೆದುಕೊಂಡು ಕೂತಳು.