ಚೈನ್ ಅಪ್ಪಯ್ಯಣ್ಣನ ಮಣ್ಣು

ಚಟ್ಟ ಎತ್ತಲು ನಾಲ್ವರೂ ಬಗ್ಗಿದ್ದರು. ಅಷ್ಟರಲ್ಲಿ ಮುಂದೆ ತಮಟೆ ನಿಂತುಹೋಯಿತು.

"ಯಾಕ್ರೋ ನಿಲ್ಸಿದ್ರಿ?" ಎಂದು ಕೆಂಪರಾಜನ ಗೆಳೆಯ ವಿಜಯ್ ಬಗ್ಗಿದ್ದಲ್ಲಿಂದಲೇ ಕೂಗಿದ.

ಹೊಗೆಯಾಡುವ ಮಡಕೆ ಹಿಡಿದು ಎಲ್ಲರಿಗಿಂತ ಮುಂದಿದ್ದ ಕೆಂಪರಾಜನ ಎದುರಿಗೆ ವಾರದ ಹಿಂದೆ ಎಳೆದ ಮುಳ್ಳುತಂತಿ ಬೇಲಿ ಇತ್ತು. ಅದರಲ್ಲಿ ಗಾಡಿ ಹಾಯುವಷ್ಟು ಸಂದು. ಆ ಸಂದಿನ ನಡುವೆ ವೆಂಕಟರಾಯಪ್ಪ ನಿಂತಿದ್ದ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಛಾಪಾಕಾಗದ. ಅವನ ಹಿಂದೆ ಉತ್ತು ಬಿಟ್ಟ ಕೆಂಪು ನೆಲದ ಪಟ್ಟಿ, ಅದರಾಚೆ ಕೇರಿಯವರು ತಲೆತಲಾಂತರದಿಂದ ತಮ್ಮವರನ್ನು ಹೂಳುತ್ತ ಬಂದ ದಿಣ್ಣೆ.

"ಸಾವಿಗೆ ಅಡ್ಡ ನಿಂತ ಅಂತ ತಿಳ್ಕೋಬೇಡಪ್ಪ ಕೆಂಪರಾಜ. ನಿಮ್ಮಪ್ಪ ಒಳ್ಳೇ ಮನುಷ್ಯ. ನಾನೂ ನನ್ನ ತಮ್ಮನೂ ಪಾಲಾದಾಗ ಅಳತೆ ಚೈನು ಹಿಡಿದೋನು ಅವನೇ. ಹೂಳ್ಕೊಳ್ಳಿ, ಯಾರು ಬೇಡ ಅಂದ್ರು? ಇದಕ್ಕೊಂದು ಸೈನ್ ಹಾಕು, ಸಾಕು."

"ಏನ್ ಬರ್ಸಿದೀರ ಗೌಡ್ರೇ ಅದ್ರಾಗೆ?"

"ಜಮೀನು ನಂದು, ನನ್ನ ಒಪ್ಪಿಗೆ ಮೇಲೆ ಹೂಳ್ತಾ ಇದೀವಿ ಅಂತ. ಸುಳ್ಳೇನಲ್ಲವಲ್ಲ, ನಕಾಶೆ ತೆಗೆದು ನೋಡು. ಈ ದಿಣ್ಣೆ ನನ್ನ ಸರ್ವೆ ನಂಬರಲ್ಲೇ ಐತೆ. ಮುಂದಿನ ವಾರ ಸೈಟ್ ಮಾಡೋರು ಬರ್ತಾರೆ. ಅವ್ರು ಕಾಗದ ಕೇಳ್ತಾರೆ."

ಕೆಂಪರಾಜನಿಗೆ ಲೆಕ್ಕ ಅರ್ಥವಾಯಿತು. ಸೈನ್ ಹಾಕಿದರೆ ಅಪ್ಪನಿಗೆ ಇವತ್ತು ಆರಡಿ ಮೂರಡಿ ಸಿಗುತ್ತದೆ. ಅಲ್ಲೇ ಮಲಗಿರುವ ಮಿಕ್ಕವರೆಲ್ಲ ಮುಂದಿನ ವಾರ ಯಾರದ್ದೋ ಮನೆಯ ಪಾಯದ ಕೆಳಗೆ ಹೋಗುತ್ತಾರೆ. ಹಾಕದಿದ್ದರೆ ಅಪ್ಪನಿಗೂ ಜಾಗವಿಲ್ಲ. ವಾಪಸು ಒಯ್ಯುವ ಮಾತೂ ಇಲ್ಲ. ಚಟ್ಟವನ್ನು ಇಳಿಸಿ ತಿರುಗಿಸಿ ಆಗಿತ್ತು; ಒಂದು ಸಲ ತಿರುಗಿಸಿದ ಮೇಲೆ ಹೆಣ ಮತ್ತೆ ಊರಿಗೆ ಮುಖ ಮಾಡುವಂತಿಲ್ಲ.

"ಗುರು, ಒಂದು ಡೈಲಾಗ್ ಹೊಡಿಯೋ," ಎಂದು ವಿಜಯ್ ಮುಂದೆ ಬಂದು ಕಿವಿಯಲ್ಲಿ ಪಿಸುಗುಟ್ಟಿದ. "ಪಿಲ್ಲಗುಂಪೆ ಫ್ಯಾಕ್ಟರೀಲಿ ಸೂಪರ್‌ವೈಸರ್ ಮುಂದೆ ಹೊಡೀತಿಯಲ್ಲ, ಅಂಥದ್ದು."

ಮಾತಿಗೊಂದು ಡೈಲಾಗು ಉದುರಿಸುತ್ತಿದ್ದ ಕೆಂಪರಾಜ ಇವತ್ತು "ಸ್ವಲ್ಪ ತಡೀರಿ ಗೌಡ್ರೇ," ಎಂದಷ್ಟೇ ಹೇಳಿ ಚಟ್ಟದ ಪಕ್ಕ ಕುಕ್ಕರಗಾಲಲ್ಲಿ ಕೂತ.

ಹಿಂದೆ ಹೆಂಗಸರು ನೆಲಕ್ಕೆ ಕೂತರು. ಮುದುಕಿ ಸಪ್ಪಲಮ್ಮ ಶುರು ಮಾಡಿದಳು. "ನನ್ನ ಮಗಳ ಚಪ್ರಕ್ಕೆ ಕಂಬ ನೆಡೋವಾಗ ಕಣ್ಣಲ್ಲೇ ಅಳೆದ್ನಲ್ಲವ್ವ ನಮ್ಮ ಅಪ್ಪಯ್ಯಣ್ಣ. ಆಮೇಲೆ ಹಗ್ಗ ಹಿಡಿದು ನೋಡುದ್ರೆ ಒಂದು ಗೇಣು ಹೆಚ್ಚಿಲ್ಲ, ಕಮ್ಮಿಯಿಲ್ಲ."

"ತಾಲ್ಲೂಕೆಲ್ಲ ಅಳೆದ. ಯಾರ ಬದುವು ಎಲ್ಲಿಗೆ ಅಂತ ನಿದ್ದೇಲಿ ಕೇಳುದ್ರೂ ಹೇಳೋನು," ಎಂದಳು ಇನ್ನೊಬ್ಬಳು.

"ಅಳೆದು ಮುಗ್ಸಿದ ಮೇಲೆ ಅಂಗಳದಾಚೆ ನಿಲ್ಸಿ ಬೊಗಸೆಗೆ ನೀರು ಹುಯ್ಯೋರು. ಅದ್ನೂ ಹೇಳು," ಎಂದಳು ಸಪ್ಪಲಮ್ಮ.

ವೆಂಕಟರಾಯಪ್ಪ ಆ ಮಾತು ಕೇಳದವನಂತೆ ಕಾಗದವನ್ನು ಮಡಿಸಿದ.

*

ಎಂಟು ವರ್ಷದ ಹಿಂದೆ, ಕೆಂಪರಾಜ ಹತ್ತನೇ ಕ್ಲಾಸು ಮುಗಿಸಿದಾಗ, ಜಾತಿ ಸರ್ಟಿಫಿಕೇಟಿಗೆಂದು ಅಪ್ಪನ ಜೊತೆ ತಾಲ್ಲೂಕು ಕಚೇರಿಗೆ ಹೋಗಿದ್ದ. ಗುಮಾಸ್ತ ಊಟಕ್ಕೆ ಎದ್ದಿದ್ದ. ಅಪ್ಪ ಅವನನ್ನು ದಫ್ತರದ ಕೋಣೆಗೆ ಕರೆದೊಯ್ದು, ಗೋಡೆಗೆ ತೂಗುಹಾಕಿದ್ದ ತಮ್ಮೂರಿನ ನಕಾಶೆ ತೋರಿಸಿದ. ಬಟ್ಟೆಗೆ ಅಂಟಿಸಿದ ಕಾಗದ, ಕೂದಲೆಳೆಯಂಥ ಗೆರೆಗಳು. ಕೆರೆಗೆ ಒಂದು ಗುರುತು, ದೇವಸ್ಥಾನಕ್ಕೊಂದು, ಬಾವಿಗೊಂದು.

ಕೆಂಪರಾಜ ಬೆರಳಿಟ್ಟು ಹುಡುಕಿದ. "ಅಪ್ಪಾ, ಗೌಡ್ರ ಹುಣಸೇಮರನೂ ಐತೆ. ನಮ್ಮ ಕೇರಿ ಎಲ್ಲಿ?"

ಅಪ್ಪ ನಕಾಶೆಯ ಅಂಚಿಗೆ ಬೆರಳಿಟ್ಟ. ಅಲ್ಲಿ ಖಾಲಿ ಬಿಳಿ ಜಾಗ. ಜಾಗ ಖಾಲಿಯಿದೆಯಲ್ಲ ಎಂದು ಉತ್ತರ ದಿಕ್ಕು ತೋರಿಸುವ ದೊಡ್ಡ ಬಾಣವನ್ನು ಅಲ್ಲೇ ಬರೆದಿದ್ದರು.

"ಅಂದ್ರೆ ಮೂವತ್ತು ಮನೆಯೋರು ಬಾಣದ ಕೆಳಗೆ ಸಂಸಾರ ಮಾಡ್ತಾ ಇದೀವಾ? ನಾವೇನು ದೆವ್ವಗಳಾ?" ಕೆಂಪರಾಜ ಎದೆ ತಟ್ಟಿಕೊಂಡು ಗಂಟಲು ದಪ್ಪ ಮಾಡಿದ. "ಈ ನಕಾಶೇನ ಹರಿದು ಹೊಸದು ಬರೀತೀನಿ! ಇದು ಈ ಕೆಂಪರಾಜನ ಶಪಥ!"

ಅಪ್ಪ ನಗಲಿಲ್ಲ.

"ಚೈನು ಎಳ್ದೋನು ನಾನೇ ಕಣೋ," ಎಂದ.

ಆ ನಕಾಶೆಗೆಂದು ಹಿಂದೊಮ್ಮೆ ಅಳತೆಗೆ ಬಂದಿದ್ದ ಮೋಜಿಣಿದಾರ ಕೇರಿಯೊಳಗೆ ಕಾಲಿಡಲಿಲ್ಲವಂತೆ. ಹುಣಸೇಮರದ ನೆರಳಲ್ಲಿ ಹಲಗೆ ಹಾಕಿಸಿಕೊಂಡು ಕೂತ. ಅಪ್ಪಯ್ಯಣ್ಣ ಚೈನು ಎಳೆದುಕೊಂಡು ಹೋಗಿ ದೂರದಿಂದ ಅಳತೆ ಕೂಗಬೇಕು, ಅವನು ಕೂತಲ್ಲೇ ಬರೆದುಕೊಳ್ಳಬೇಕು. ಚೈನಿಗೆ ಹದಿನಾರು ಭಾಗ, ಒಂದೊಂದು ಭಾಗಕ್ಕೂ ಆಣೆ ಎಂದು ಹೆಸರು.

"ದಿಣ್ಣೆ ಹತ್ರ ಬಂದಾಗ ಕೂಗ್ದೆ. ಸಾರ್, ಇಲ್ಲಿ ನಮ್ಮೋರ್ನ ಹೂತಿರೋ ಜಾಗ ಐತೆ ಅಂತ. ಕಲ್ಲಿದೆಯೇನೋ ಅಂದ್ರು. ಇಲ್ಲ ಸಾರ್, ಮಣ್ಣಿನ ಗುಡ್ಡೆ ಅಂದೆ. ಮಳೆಗೆ ಕರಗೋದನ್ನೆಲ್ಲ ನಕಾಶೇಲಿ ಬರೆಯೋಕಾಗಲ್ಲ, ಎಳಿ ಚೈನು ಅಂದ್ರು."

"ಎಳೆದ್ಯಾ?"

"ಎಳ್ದೆ." ಅಪ್ಪ ಬಾಣದ ಮೇಲಿನ ಧೂಳನ್ನು ಹೆಬ್ಬೆರಳಿಂದ ಒರೆಸಿದ. "ಕಡೇ ಕೊಂಡಿ ನಿಮ್ಮಜ್ಜಿ ಗುಡ್ಡೆ ಮೇಲೇ ಬಿತ್ತು. ಆರು ಚೈನು ಹದಿನಾಲ್ಕು ಆಣೆ ಅಂತ ಕೂಗ್ದೆ. ಅವ್ರು ಬರ್ಕೊಂಡ್ರು."

*

"ಹೊತ್ತಾಯ್ತು ಕೆಂಪರಾಜ," ಎಂದ ವೆಂಕಟರಾಯಪ್ಪ. ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದ.

ಕೆಂಪರಾಜ ತಾಯಿಯ ಕಡೆ ತಿರುಗಿದ. ಕದಿರಮ್ಮ ಗಂಡನ ಪಾದದ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು. ಜೀವಮಾನವಿಡೀ ಊರೂರ ಹೊಲ ತುಳಿದು ಒಡೆದ ಹಿಮ್ಮಡಿಗಳು.

"ಏನ್ಮಾಡ್ಲವ್ವಾ?"

"ನಾನೇನ್ ಹೇಳ್ಲಿ? ನಿಮ್ಮಪ್ಪಂದು ಸಾಯೋಗಂಟ ಒಂದೇ ಮಾತು. ಅವತ್ತೊಂದು ಕಲ್ಲಿದ್ದಿದ್ರೆ, ಒಂದು ಕಲ್ಲಿದ್ದಿದ್ರೆ ಅಂತ."

ಕೆಂಪರಾಜ ದಿಣ್ಣೆಯ ಕಡೆ ನೋಡಿದ. ಆಮೇಲೆ ಕೇಳಿದ.

"ಅವ್ವಾ, ನಮ್ಮ ಬೀಸೋಕಲ್ಲು ಎಲ್ಲೈತೆ?"

"ಹಿತ್ಲಲ್ಲೈತೆ. ಕೋಳಿಗೂಡಿಗೆ ಅಡ್ಡ ಇಟ್ಟಿವ್ನಿ. ಮಿಲ್ಲು ಬಂದ್ಮೇಲೆ ಅದನ್ನ್ಯಾರು ಮುಟ್ತಾರೆ? ಈಗ್ಯಾಕ್ಲಾ ಅದು?" ಎನ್ನುತ್ತಲೇ ಅವಳ ಕೈ ನಿಂತಿತು. ಮಗನ ಮುಖ ನೋಡಿದಳು. ಆಮೇಲೆ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಏಳ್ರವ್ವಾ. ಎಲ್ಲಾರ ಮನೇದೂ ತರೋಣ."

ಕೇರಿ ಕೂಗಳತೆಯಲ್ಲೇ ಇತ್ತು. ಹೋದ ಹೆಂಗಸರು ಬರಿಗೈಲಿ ಬರಲಿಲ್ಲ. ಬೀಸುಕಲ್ಲಿನ ಎರಡೂ ಹೋಳುಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವಿನ ತೂತಿಗೆ ಒನಕೆಯನ್ನೋ ಗುದ್ದಲಿ ಕಾವನ್ನೋ ತೂರಿಸಿ, ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಗಾಲಿಯಂತೆ ಉರುಳಿಸಿಕೊಂಡು ಬಂದರು. ರಾತ್ರಿ ಮಳೆಗೆ ನೆಲ ಮೆತ್ತಗಿತ್ತು. ಮೊದಲ ಕಲ್ಲು ಕದಿರಮ್ಮನದು. ಅದು ಬೇಲಿಯ ಸಂದಿಗೆ ಬಂದಾಗ ವೆಂಕಟರಾಯಪ್ಪ ದಾರಿ ಬಿಡಲಿಲ್ಲ.

"ಏನಯ್ಯಾ ಇದು ತಮಾಷೆ?"

"ನಾನು ತಮಾಷೆ ಮಾಡ್ದೇ ಇರೋ ದಿನ ಇದೊಂದೇ ಗೌಡ್ರೇ," ಎಂದ ಕೆಂಪರಾಜ. "ನಕಾಶೇಲಿ ಸ್ಮಶಾನ ಇಲ್ಲ, ಒಪ್ಕೊಂಡೆ. ಕಲ್ಲಿಲ್ಲ ಅಂತ ಬರೀಲಿಲ್ಲ ಅಷ್ಟೇ. ಇವತ್ತು ಕಲ್ಲು ಇಡ್ತೀವಿ."

"ನಾಳೆನೇ ಅಳತೆಗೆ ಅರ್ಜಿ ಹಾಕ್ತೀನಿ ನೋಡು. ಮೋಜಿಣಿದಾರ್ರು ಬಂದು ನಿಂತ್ರೆ ನಿಮ್ಮ ಆಟ ಗೊತ್ತಾಗುತ್ತೆ."

"ಹಾಕಿ ಗೌಡ್ರೇ, ಕೈ ಮುಗೀತೀನಿ, ಹಾಕಿ. ಬಂದೋರು ಈ ಸಲ ಮರದ ಕೆಳಗೆ ಕೂರೋಕಾಗಲ್ಲ. ಒಂದೊಂದು ಕಲ್ಲಿನ ಹತ್ರಾನೂ ಬಂದು ಬರ್ಕೋಬೇಕು."

ವೆಂಕಟರಾಯಪ್ಪ ಬೇಲಿಯ ಪಕ್ಕ ನಿಂತಿದ್ದ ತನ್ನ ಆಳಿನ ಕಡೆ ನೋಡಿ, "ಲೇ, ಆ ಕಲ್ಲನ್ನ ಆಚೆ ತಳ್ಳೋ," ಎಂದ. ಆಳು ಎರಡು ಹೆಜ್ಜೆ ಮುಂದೆ ಬಂದು ನಿಂತ. ಕಲ್ಲಿನ ಹಲ್ಲುಗಳ ನಡುವೆ ಹಳೆಯ ರಾಗಿಹಿಟ್ಟು ಇನ್ನೂ ಕೂತಿತ್ತು. ಅನ್ನ ಕೊಡುವ ಕಲ್ಲಿಗೆ ಕಾಲು ತಾಗಿಸುವವರು ಆ ಸೀಮೆಯಲ್ಲಿ ಇರಲಿಲ್ಲ. "ನಂಗಾಗಕ್ಕಿಲ್ಲ ಬುದ್ಧಿ," ಎಂದು ಅವನು ತಲೆ ತಗ್ಗಿಸಿದ. ಕದಿರಮ್ಮ ಕಲ್ಲನ್ನು ವೆಂಕಟರಾಯಪ್ಪನ ಚಪ್ಪಲಿಯ ತುದಿಯವರೆಗೂ ಉರುಳಿಸಿ ಕಾದಳು. ಅವನು ಪಕ್ಕಕ್ಕೆ ಸರಿದ.

ದಿಣ್ಣೆಯ ಮೇಲೆ ಹೆಂಗಸರು ನೆಲ ನೋಡುತ್ತ ನಡೆದರು. ಗುಡ್ಡೆಗಳು ಕರಗಿಹೋಗಿ ವರ್ಷಗಳಾಗಿದ್ದವು. ಆದರೂ ಯಾರೂ ತಡವರಿಸಲಿಲ್ಲ.

"ಇದು ನಮ್ಮತ್ತೆ."

"ಇಲ್ಲಿ ನನ್ನ ಚೊಚ್ಚಲ ಮಗ. ಮೂರು ತಿಂಗಳು. ಚಿಕ್ಕ ಕಲ್ಲು ಕೊಡ್ರೇ."

ಮನೆಯ ಬೀಸುಕಲ್ಲಿನ ಒಂದು ಹೋಳನ್ನು ಕೆಂಪರಾಜ ಅಜ್ಜಿಗೆ ಇಟ್ಟ. ಅದರ ಪಕ್ಕದಲ್ಲೇ ಗುಂಡಿ ತೋಡಿ ಅಪ್ಪನನ್ನು ಇಳಿಸಿ, ಮೂರು ಹಿಡಿ ಮಣ್ಣು ಹಾಕಿ, ಗುಂಡಿ ಮುಚ್ಚಿದ ಮೇಲೆ ಇನ್ನೊಂದು ಹೋಳನ್ನು ತಲೆಯ ಕಡೆ ಊರಿದ. ವಿಜಯ್ ಅದನ್ನು ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ.

ಮಣ್ಣು ಮಾಡಿ ಹೊರಟವರು ತಿರುಗಿ ನೋಡುವಂತಿಲ್ಲ. ಎಲ್ಲರೂ ತಲೆ ತಗ್ಗಿಸಿ ಕೇರಿಯ ಕಡೆ ನಡೆದರು. ಮುಂದೆ ಉತ್ತ ಕೆಂಪು ನೆಲದ ಮೇಲೆ ಕಲ್ಲುಗಳು ಉರುಳಿದ ಜಾಡು ಒಂದರ ಪಕ್ಕ ಒಂದು ಬಿದ್ದು, ಗಾಡಿದಾರಿಯಷ್ಟು ಅಗಲವಾಗಿತ್ತು. ಬೇಲಿಯ ಸಂದು ದಾಟಿದ ಮೇಲೆ ಅದು ಕವಲೊಡೆಯಿತು, ಕವಲು ಮತ್ತೆ ಕವಲಾಯಿತು. ಒಂದೊಂದು ಗೆರೆಯೂ ಕೇರಿಯ ಒಂದೊಂದು ಮನೆಯ ಹೊಸ್ತಿಲಿಗೆ ಹೋಗಿ ನಿಂತಿತ್ತು. ಕದಿರಮ್ಮ ಸೀರೆ ತುಸು ಎತ್ತಿ ಹಿಡಿದು, ಗೆರೆ ಅಳಿಸದಂತೆ ಅದರ ಪಕ್ಕದಲ್ಲೇ ಕಾಲಿಡುತ್ತ ಮನೆಗೆ ನಡೆದಳು.