ತುಪ್ಪ ಮುಟ್ಟದ ಬಾಯಿ

ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಶುರುವಾಯಿತೆಂದರೆ ನಸೀಫ್ ಊಟಕ್ಕೆ ಕೂತವನೇ ಮೊದಲು ತಟ್ಟೆಯನ್ನು ಮೂಸುತ್ತಿದ್ದ. ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆ ಮಾಂಸದ ಮಾತೇ ಇಲ್ಲ. ಮಿನ್ಯಾ ಪಟ್ಟಣದ ಕಾಪ್ಟಿಕ್ ಕ್ರೈಸ್ತರಲ್ಲಿ ಅವನಷ್ಟು ಕಟ್ಟುನಿಟ್ಟಿನವನು ಇನ್ನೊಬ್ಬನಿರಲಿಲ್ಲ. ವಾರವೆಲ್ಲ ಪರದೆ ಬಟ್ಟೆ ಮಾರುವ ಮನುಷ್ಯ, ಭಾನುವಾರ ಬಿಳಿ ನಿಲುವಂಗಿ ತೊಟ್ಟು ಹಾಡುಗಾರರ ಮುಂದೆ ತಾಳ ಹಿಡಿದು ನಿಂತರೆ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಇದಕ್ಕೆ ತುಪ್ಪ ಬಿದ್ದಿದೆಯಾ?" ಅಂದ ಅವತ್ತು ಮಧ್ಯಾಹ್ನ, ಫೂಲ್ ಕಾಳಿನ ತಟ್ಟೆಗೆ ಮೂಗು ತಂದು.

"ಎಣ್ಣೇರೀ. ನಾನೇನು ನಿನ್ನೆ ಮೊನ್ನೆ ಮದುವೆಯಾಗಿ ಬಂದವಳಾ?" ಅಂದಳು ಹೆಂಡತಿ ಫೆಬ್ರೋನಿಯಾ.

ನಸೀಫ್ ತೃಪ್ತಿಯಾಗಿ ಉಂಡ. ರೊಟ್ಟಿಯ ಚೂರಿನಲ್ಲಿ ತಟ್ಟೆ ಬಳಿದು ಬಾಯಿಗಿಟ್ಟುಕೊಂಡು, ಹವಾಮಾನದ ಸುದ್ದಿ ಹೇಳುವವನ ಹಾಗೆ ಶುರುಮಾಡಿದ. ಬಟ್ಟೆ ತರಲು ಅಲೆಕ್ಸಾಂಡ್ರಿಯಾಕ್ಕೆ ಹೋಗುತ್ತಿದ್ದನಲ್ಲ, ಅಲ್ಲಿ ವ್ಯಾಪಾರಿಯ ಮಗಳೊಬ್ಬಳಿದ್ದಳು.

"ಅವಳ ಬೆರಳೂ ಮುಟ್ಟಿಲ್ಲ ನಾನು, ಕನ್ಯಾ ಮರಿಯಮ್ಮನಾಣೆ. ನಂಗೆ ಪಾಪ ಬೇಡ. ಚರ್ಚಲ್ಲೇ, ಪಾದ್ರಿ ಕೈಲಿ ತಲೆಗೆ ಕಿರೀಟ ಇಡಿಸ್ಕೊಂಡೇ ಮದುವೆ ಆಗ್ಬೇಕು. ನಂಗೂ ಒಂದು ಮಗು ಬೇಡ್ವಾ? ಅದಕ್ಕೇ, ತಪ್ಪು ನಿಂದು ಅಂತ ನೀನು ಒಪ್ಕೋಬೇಕು."

ಮಕ್ಕಳಾಗದ ಮಾತನ್ನೇ ಆಡುತ್ತಿದ್ದಾನೆ ಅಂದುಕೊಂಡಳು ಫೆಬ್ರೋನಿಯಾ. "ಡಾಕ್ಟರು ಯಾರ ತಪ್ಪೂ ಅಲ್ಲ ಅಂದಿದ್ರಲ್ಲ?"

"ಆ ತಪ್ಪಲ್ಲ ಕಣೇ. ಬೇರೆ ಗಂಡಸಿನ ಜೊತೆ... ಅಂಥದ್ದು."

ಆಗ ಅವಳಿಗೆ ಅರ್ಥವಾಯಿತು. ಅವರ ಚರ್ಚಿನಲ್ಲಿ ಕಟ್ಟಿದ ಗಂಟು ಸಾಯುವತನಕ ಬಿಚ್ಚುವಂಥದ್ದಲ್ಲ. ಒಬ್ಬರು ಹಾದರ ಮಾಡಿದರೆ ಮಾತ್ರ ಇನ್ನೊಬ್ಬರಿಗೆ ಬಿಡುಗಡೆ, ಮತ್ತೆ ಮದುವೆಯಾಗುವ ಹಕ್ಕು. ನಸೀಫನಿಗೆ ನಿರಪರಾಧಿಯಾಗಿ ಉಳಿಯಬೇಕಿತ್ತು.

"ನೀನು ಶುದ್ಧ ಅಂತ ಮೇಲಿರೋನಿಗೆ ಗೊತ್ತಲ್ಲ. ಕೆಳಗಿನವರಿಗೆ ಹೇಳೋ ಮಾತಷ್ಟೇ ಇದು," ಅಂದ.

"ಯಾರ ಜೊತೆ ಅಂತ ಹೇಳ್ಲಿ? ಅದನ್ನೂ ನೀವೇ ಹುಡುಕಿ ಇಟ್ಟಿರ್ಬೇಕಲ್ಲ!"

ಕೊಂಕು ಅವನಿಗೆ ತಾಗಲೇ ಇಲ್ಲ. ದನಿ ತಗ್ಗಿಸಿ, "ಮುಅಲ್ಲಿಮ್ ಶಾಕಿರ್," ಅಂದ. "ಬದುಕಿರೋರ ಹೆಸರು ಹೇಳಿದ್ರೆ ರಕ್ತ ಹರಿಯತ್ತೆ. ಸತ್ತವನಿಗೇನು?"

ಶಾಕಿರ್ ಚರ್ಚಿನ ಕುರುಡು ಹಾಡುಗಾರ, ಊರಿಗೆಲ್ಲ ಮುಅಲ್ಲಿಮ್, ಅಂದರೆ ಮೇಷ್ಟ್ರು. ಹೋದ ವರ್ಷ ತೀರಿಕೊಂಡಿದ್ದ. ಪುಟ್ಟ ನಸೀಫನನ್ನು ಎದುರಿಗೆ ಕೂರಿಸಿಕೊಂಡು, ಮಂಡಿಯ ಮೇಲೆ ತಾಳ ತಟ್ಟಿ, ಒಂದೊಂದು ಹಾಡನ್ನೂ ಬಾಯಿಗಿಟ್ಟವನು ಅವನೇ. ಮುದುಕ ಹಾಸಿಗೆ ಹಿಡಿದಾಗ ಗುರುಸೇವೆಯೆಂದು ಫೆಬ್ರೋನಿಯಾಳ ಕೈಲಿ ದಿನಾ ಊಟ ಕಳಿಸಿದವನು ನಸೀಫನೇ.

ಅವನ ಮೀಸೆಗೆ ಕಾಳಿನ ಸಿಪ್ಪೆಯೊಂದು ಅಂಟಿಕೊಂಡು ಮಾತಿನ ಜೊತೆ ಕುಣಿಯುತ್ತಿತ್ತು. ಅದನ್ನೇ ನೋಡುತ್ತಿದ್ದ ಫೆಬ್ರೋನಿಯಾ ತನ್ನ ತಟ್ಟೆ ಬಿಟ್ಟೆದ್ದಳು. ಬಚ್ಚಲಿಗೆ ಓಡಿ ಕಾರಿಕೊಂಡಳು. ಹಿಂದೆಯೇ ಬಂದ ನಸೀಫ್ ಬೆನ್ನು ಸವರುತ್ತ, "ಖಾಲಿ ಹೊಟ್ಟೇಲಿ ಕಾಳು ತಿಂದೆಯಲ್ಲ, ಅದಕ್ಕೇ," ಅಂದ. ಮೈಮೇಲೆ ಹಲ್ಲಿ ಬಿದ್ದಂತಾಯಿತು ಅವಳಿಗೆ.

ಅವಳು ಒಪ್ಪಲಿಲ್ಲ. ನಸೀಫ್ ತಾನೇ ಹೋಗಿ ದೂರು ಕೊಟ್ಟ. ಚರ್ಚಿನ ಪಕ್ಕದ ಕೋಣೆಗೆ ಎಲ್ಲರಿಗೂ ಕರೆ ಬಂತು. ಅತ್ತೆ ತಫೀದಾ ಜೊತೆಗಿದ್ದಾಳಲ್ಲ ಎಂಬ ಧೈರ್ಯ ಫೆಬ್ರೋನಿಯಾಳಿಗೆ. ಮಂಡಿ ಹೋಗಿದ್ದ ಆ ಮುದುಕಿಗೆ ನೀರು ಹಾಕುವುದು, ಬಟ್ಟೆ ಬದಲಿಸುವುದು ಎಲ್ಲ ಅವಳೇ. ಅವತ್ತು ಬೆಳಿಗ್ಗೆ ಕೂಡ ಕಾಲ್ಬೆರಳ ಸಂದುಗಳನ್ನು ಉಜ್ಜಿ ತೊಳೆದು ಕರೆತಂದಿದ್ದಳು.

ತಫೀದಾ ಬೈಬಲ್ ಮೇಲೆ ಕೈಯಿಟ್ಟು, ಪಾದ್ರಿಯ ಕಡೆ ತಿರುಗಿ, "ಕಣ್ಣಾರೆ ಕಂಡೆ ಅಬೂನಾ. ಕುರುಡ ಇವಳ ಕೈ ಹಿಡ್ಕೊಂಡಿದ್ದ," ಅಂದಳು.

ಪಾದ್ರಿ ಬೊಕ್ತೋರ್ ಕನ್ನಡಕ ತೆಗೆದರು. "ಕುರುಡ ಕೈ ಹಿಡೀದೆ ಹೇಗಮ್ಮ ನಡೀತಾನೆ?"

"ನಡೀತಿರಲಿಲ್ಲ. ಮಲಗಿದ್ದ."

ನಸೀಫ್ ತಲೆತಗ್ಗಿಸಿ, ಮರ್ಯಾದಸ್ಥ ಗಂಡನ ದುಃಖವನ್ನು ಮುಖಕ್ಕೆ ತಂದುಕೊಂಡು ಕೂತಿದ್ದ.

"ನಿನ್ನ ಮಾತೇನಮ್ಮ?" ಅಂದರು ಪಾದ್ರಿ.

"ಇವರನ್ನ ಬಿಟ್ಟು ಬೇರೆ ಗಂಡಸನ್ನ ಕಂಡವಳಲ್ಲ ನಾನು, ಅಬೂನಾ. ಇಷ್ಟು ವರ್ಷ ಅದೇ ನನ್ನ ಹೆಮ್ಮೆ ಆಗಿತ್ತು. ಈಗ ಅದೂ ಹೇಸಿಗೆ ಅನ್ನಿಸ್ತಿದೆ. ಇಂಥವರಿಗಾ ನಾನು ನಿಯತ್ತಾಗಿದ್ದಿದ್ದು?" ಗಂಡನ ಕಡೆ ತಿರುಗಿದಳು. ಬಾಯಲ್ಲಿದ್ದ ಬಹುವಚನ ಅಲ್ಲಿಗೆ ಮುಗಿಯಿತು. "ನೀನು ತುಪ್ಪ ಮುಟ್ಟಲ್ಲ. ಆದ್ರೆ ಹೆಣ ತಿಂತೀಯ."

ಅಲ್ಲಿಂದಲೇ ಅಣ್ಣನ ಮನೆಗೆ ಹೋದಳು.

ಮಾತು ಈ ಕೋಣೆಯಲ್ಲೇ ಹೂತುಹೋಗಲಿ ಅಂದಿದ್ದರು ಪಾದ್ರಿ. ಹೂಳಲಿಕ್ಕೆ ಅದೇನು ಸತ್ತಿತ್ತೇ? ಕೇರಿಯೆಲ್ಲ ಓಡಾಡಿತು. ಪ್ರಾರ್ಥನೆಗೆ ಹೋದರೆ ಅವಳ ಅಕ್ಕಪಕ್ಕದ ಹೆಂಗಸರು ಸೆಖೆಯ ನೆಪ ಹೇಳಿ ಬೆಂಚು ಬದಲಿಸುತ್ತಿದ್ದರು.

ಶುಭ ಶುಕ್ರವಾರ ಚರ್ಚಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದರು. ಯೇಸುವಿನ ಸಮಾಧಿಯ ಹಾಡನ್ನು ನಸೀಫನೇ ಎತ್ತಿಕೊಂಡ. ಅದೇ ಎಳೆತ, ಅದೇ ತಿರುವು. ಕಣ್ಣು ಮುಚ್ಚಿದರೆ ಶಾಕಿರನೇ ಹಾಡಿದ ಹಾಗೆ. ಸುತ್ತ ಜನ ಬಿಕ್ಕುತ್ತಿದ್ದರು. ಆ ಹಾಡೆಂದರೆ ಪ್ರಾಣ ಬಿಡುತ್ತಿದ್ದವಳು ಫೆಬ್ರೋನಿಯಾ. ಅವತ್ತು ಧೂಪದ ವಾಸನೆಯೂ ಕೊಳೆತು ನಾರಿದಂತಾಗಿ, ತಲೆವಸ್ತ್ರದ ಅಂಚನ್ನು ಬಾಯಿಗೊತ್ತಿಕೊಂಡು ಹೊರಗೆ ಬಂದಳು.

ಮೆಟ್ಟಿಲ ಮೇಲೆ ಶಾಕಿರನ ತಂಗಿ ಮತಿಲ್ದಾ ಕೂತಿದ್ದಳು. ಕಂಡವಳೇ ಫೆಬ್ರೋನಿಯಾ ಹಿಂದೆ ಸರಿದಳು.

"ಎಲ್ಲಿಗೆ ಓಡ್ತೀಯ? ಕೂತ್ಕೋ," ಅಂದಳು ಮುದುಕಿ. "ನೀನು ತರ್ತಿದ್ದ ಬೇಳೆಗೆ ಉಪ್ಪು ಸಾಲದು ಅಂತ ದಿನಾ ಬೈಕೊಂಡು ತಿಂತಿದ್ದ ನಮ್ಮಣ್ಣ. ನಿಮ್ಮ ಪ್ರೇಮ ಅಷ್ಟೇ ಅಂತ ನಂಗೊತ್ತಿಲ್ವಾ?" ಒಳಗಿನಿಂದ ಹಾಡು ಏರಿ ಬಂತು. "ಕೇಳು ಅವನ ಗಂಟಲು! ಎಲ್ರೂ ಅಳ್ತಿದ್ದಾರೆ. ಥೂ!" ಎಂದು ಮಣ್ಣಿಗೆ ಉಗಿದಳು.

ಫೆಬ್ರೋನಿಯಾ ಅವಳ ಪಕ್ಕದಲ್ಲಿ ಕೂತಳು. ಹಾಡು ಮುಗಿಯುವತನಕ ಇಬ್ಬರೂ ಒಳಗೆ ಹೋಗಲಿಲ್ಲ.

ನಸೀಫನ ದೂರನ್ನು ಚರ್ಚು ಒಪ್ಪಲಿಲ್ಲ. ಅವನೂ ಕಾಯಲಿಲ್ಲ. ಅಲೆಕ್ಸಾಂಡ್ರಿಯಾಕ್ಕೆ ಹೋಗಿ, ಹುಟ್ಟಿದ ಪಂಗಡವನ್ನೇ ಬಿಟ್ಟು ಬೇರೊಂದು ಸೇರಿ, ಗಂಡ ಹೆಂಡಿರು ಬೇರೆ ಬೇರೆ ಪಂಗಡದವರಾದರೆ ಆ ದೇಶದ ಕಾನೂನು ಕೊಡುವ ಬಿಡುಗಡೆಯನ್ನು ಕೋರ್ಟಿನಿಂದ ಪಡೆದು, ವ್ಯಾಪಾರಿಯ ಮಗಳನ್ನು ಮದುವೆಯಾದ. ಅದನ್ನು ಹಾದರವೆಂದು ಚರ್ಚಿನ ಮೇಲಿನವರು ಇನ್ನೂ ತೀರ್ಮಾನಿಸಿಲ್ಲ, ಹಾಗಾಗಿ ಇತ್ತ ಚರ್ಚಿನ ದೃಷ್ಟಿಯಲ್ಲಿ ಫೆಬ್ರೋನಿಯಾ ಇವತ್ತಿಗೂ ಅವನ ಹೆಂಡತಿಯೇ. ಈ ಮಾತು ಹೇಳುವಾಗ ಪಾದ್ರಿ ಅವಳ ಮುಖ ನೋಡಲಿಲ್ಲ.

ತಾಯಿಯನ್ನು ನಸೀಫ್ ಮಿನ್ಯಾದಲ್ಲೇ ಬಿಟ್ಟುಹೋಗಿದ್ದ. ಒಂದು ದಿನ ಪಕ್ಕದ ಮನೆಯಾಕೆ ಬಂದು, ವಾಸನೆ ಮೆಟ್ಟಿಲತನಕ ಬರ್ತಿದೆ, ಮುದುಕಿ ನಿನ್ನ ಹೆಸರೇ ಜಪಿಸ್ತಿದ್ದಾಳೆ ಅಂದಳು.

ಫೆಬ್ರೋನಿಯಾ ಹೋದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ತಫೀದಾಳ ಹಾಸಿಗೆ ಎಳೆದುಹಾಕಿ, ಬಿಸಿನೀರು ಕಾಯಿಸಿ ಮೈ ತೊಳೆದಳು. ಮುದುಕಿ ಅವಳ ಕೈ ಹಿಡಿದು ಮುತ್ತಿಟ್ಟು, "ನಿನ್ನಂಥ ನಿಯತ್ತಿನವಳು ಯಾರಿದ್ದಾರೆ ಮಗಳೇ," ಎಂದು ಅತ್ತಳು.

"ನಿಯತ್ತು ಅನ್ನೋ ಮಾತು ನಿನ್ನ ಬಾಯಲ್ಲಿ ಬೇಡ. ಕಾಲು ಚಾಚು."

ತೊಳೆದು ಮುಗಿಸಿ ನಲ್ಲಿಯ ಕೆಳಗೆ ಆ ಮುತ್ತು ಬಿದ್ದ ಕೈಯನ್ನು ಸೋಪು ಹಾಕಿ ಉಜ್ಜಿದಳು. ಮೊಣಕೈವರೆಗೆ ಕೆಂಪಾದರೂ ಉಜ್ಜುತ್ತಲೇ ಇದ್ದಳು. ಮರುವಾರ ಮತ್ತೆ ಹೋದಳು. ಯಾಕೆ ಹೋಗ್ತೀಯ ಅಂತ ಅಣ್ಣ ರೇಗಿದರೆ, "ನಂಗೂ ಗೊತ್ತಿಲ್ಲ, ಸುಮ್ನಿರು," ಅನ್ನುತ್ತಿದ್ದಳು.